ಸುಂಕದವರ ಮುಂದೆ: ಕಲ್ಯಾಣದ ಬಂದರಿನಿಂದ ವಾಶಿಯ ಗಾಳಾದವರೆಗೆ

ಕಲ್ಯಾಣ ಎಂದ ಕೂಡಲೇ ಕನ್ನಡದ ಓದುಗರ ಮನಸ್ಸು ಬಸವಣ್ಣನ ಕಲ್ಯಾಣಕ್ಕೆ ಹೋಗುತ್ತದೆ. ದಿನಾ ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ನಮ್ಮಂಥವರಿಗೆ ಮಾತ್ರ ಕಲ್ಯಾಣ್ ಎಂದರೆ ಒಂದು ಜಂಕ್ಷನ್ನು, ಒಂದು ನೂಕುನುಗ್ಗಲು. ಆದರೆ ಉಲ್ಹಾಸ್ ನದಿಯ ದಂಡೆಯ ಈ ಕಲ್ಯಾಣಕ್ಕೆ ಎರಡು ಸಾವಿರ ವರ್ಷದ ವ್ಯಾಪಾರದ ಚರಿತ್ರೆಯಿದೆ. ಕಾನ್ಹೇರಿ ಗುಹೆಗಳಲ್ಲಿ ದಾನ ಕೊಟ್ಟವರ ಹೆಸರುಗಳನ್ನು ಕೆತ್ತಿದ್ದಾರಲ್ಲ, ಅವರಲ್ಲಿ ಹಲವರು ಕಲ್ಯಾಣದ ವ್ಯಾಪಾರಿಗಳು. ಆ ಕಾಲದ ಕಲ್ಯಾಣದ ಬಗ್ಗೆ ಹೊರಗಿನವನೊಬ್ಬ ಬರೆದಿಟ್ಟ ಮಾತು ಇನ್ನೂ ಸ್ವಾರಸ್ಯದ್ದು.

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಹಡಗುಯಾನದ ಕೈಪಿಡಿಯೊಂದಿದೆ. ಬರೆದವನ ಹೆಸರು ಗೊತ್ತಿಲ್ಲ. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಏನು ಮಾರಬಹುದು, ಎಲ್ಲಿ ಮರಳದಿಬ್ಬ, ಎಲ್ಲಿ ಕಳ್ಳರ ಕಾಟ ಎಂದು ಬರೆಯುತ್ತಾ ಬರುವ ಈ ಮನುಷ್ಯ ಕಲ್ಯಾಣದ ಹತ್ತಿರ ನಿಂತು ಒಂದು ದೂರು ಬರೆಯುತ್ತಾನೆ. ಹಿಂದಿನ ದೊರೆಯ ಕಾಲದಲ್ಲಿ ಇದು ಕಾನೂನುಬದ್ಧ ಮಾರುಕಟ್ಟೆಯಾಗಿತ್ತು. ಈಗ ಇನ್ನೊಬ್ಬನ ಕೈಗೆ ಬಂದ ಮೇಲೆ ಇಲ್ಲಿ ಬಹಳ ಅಡ್ಡಿ. ಅಕಸ್ಮಾತ್ ಗ್ರೀಕ್ ಹಡಗೊಂದು ಈ ಕಡೆ ಬಂದರೆ ಅದನ್ನು ಕಾವಲು ಹಾಕಿ ಬರಿಗಾಜಕ್ಕೆ, ಅಂದರೆ ಗುಜರಾತಿನ ಭರೂಚ್‌ಗೆ, ಕರೆದುಕೊಂಡು ಹೋಗುತ್ತಾರೆ. ಇದಿಷ್ಟು ಅವನ ಮಾತಿನ ಸಾರ. ಶಾತವಾಹನರಿಗೂ ಪಶ್ಚಿಮದ ಕ್ಷತ್ರಪರಿಗೂ ನಡೆದ ಜಗಳದ ಸುಳಿವು ಇದರಲ್ಲಿದೆ ಎಂದು ಇತಿಹಾಸಕಾರರು ಹೇಳುತ್ತಾರೆ. ಹೆಸರುಗಳ ಗುರುತಿನ ಬಗ್ಗೆ ಚರ್ಚೆಗಳಿವೆ, ಅದು ಅವರಿಗೆ ಬಿಟ್ಟದ್ದು. ನನಗೆ ಬೇಕಾದದ್ದು ಇಷ್ಟೇ: ಎರಡು ಬಂದರುಗಳು ಗಿರಾಕಿಗಾಗಿ ಪೈಪೋಟಿ ಮಾಡಬೇಕಾದ ಕಡೆ, ಒಂದು ಬಂದರಿನ ಒಡೆಯ ಇನ್ನೊಂದಕ್ಕೆ ಹೋಗುವ ಗಿರಾಕಿಯನ್ನೇ ಹಿಡಿದು ತನ್ನ ಕಡೆ ಎಳೆದುಕೊಂಡ. ಬೆಲೆಯಲ್ಲಿ ಗೆಲ್ಲಲಿಲ್ಲ, ಸರಕಿನಲ್ಲಿ ಗೆಲ್ಲಲಿಲ್ಲ, ಕಾವಲಿನಲ್ಲಿ ಗೆದ್ದ.

ನಾನು ಇರುವುದು ಡೊಂಬಿವಲಿಯಲ್ಲಿ, ಕೆಲಸ ಐರೋಲಿಯಲ್ಲಿ. ಯುರೋಪಿನ ಗ್ರಾಹಕರ ತೆರಿಗೆಯ ಕಾಗದಪತ್ರ ನೋಡುವ ಕೆಲಸ. ಹಾಗಾಗಿ ಯುರೋಪಿನ ಒಕ್ಕೂಟ ತನ್ನ 27 ದೇಶಗಳನ್ನು ಒಂದೇ ಮಾರುಕಟ್ಟೆ ಮಾಡಲು ಪಟ್ಟ ಪಾಡು ಹೊಟ್ಟೆಪಾಡಿನ ದಾರಿಯಲ್ಲೇ ಸ್ವಲ್ಪ ಗೊತ್ತಾಗಿದೆ. ಅಲ್ಲಿನವರು ಅದನ್ನು ತಮ್ಮದೇ ಆವಿಷ್ಕಾರ ಎಂಬಂತೆ ಹೇಳುವಾಗ ನನಗೆ ನಗು ಬರುತ್ತದೆ. ಅದೇ ಪ್ರಶ್ನೆಗಳೆಲ್ಲ ನಾನು ದಿನಾ ದಾಟುವ ಈ ಇಪ್ಪತ್ತು ಕಿಲೋಮೀಟರಿನೊಳಗೇ ಎದ್ದಿವೆ. ಕೆಲವಕ್ಕೆ ಉತ್ತರ ಸಿಕ್ಕಿದೆ, ಕೆಲವಕ್ಕೆ ಇಲ್ಲ.

ಸುಂಕ ಅನ್ನುವುದು ಕನ್ನಡಕ್ಕೆ ಎಷ್ಟು ಹಳೆಯ ಪದ ಎಂದರೆ ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ಕಿರುಸುಂಕ ಎಂದು ಅದಕ್ಕೆ ಒಳಜಾತಿಗಳೇ ಇವೆ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಮ್ಮಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಆದರೆ ಸುಂಕದವನೂ ಒಮ್ಮೊಮ್ಮೆ ಕರಗುತ್ತಾನೆ. ಯಾರ ಮುಂದೆ ಕರಗುತ್ತಾನೆ ಎಂಬುದೇ ಪ್ರಶ್ನೆ.

ಥಾಣೆಯನ್ನು ಶ್ರೀಸ್ಥಾನಕ ಎಂದು ಕರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಶಿಲಾಹಾರರ ಆಳ್ವಿಕೆ. ಮೊದಲು ಇವರು ಮಾನ್ಯಖೇಟದ ನಮ್ಮ ರಾಷ್ಟ್ರಕೂಟರ ಸಾಮಂತರು. ಶಕ 1016ರ, ಎಂದರೆ ಕ್ರಿಸ್ತಶಕ 1094ರ ಸುಮಾರಿನ ಒಂದು ತಾಮ್ರಪಟ ಕೊಂಕಣದ ಖಾರೇಪಾಟಣದಲ್ಲಿ ಸಿಕ್ಕಿದೆ. ಅದನ್ನು ಹೊರಡಿಸಿದವನು ಶಿಲಾಹಾರ ದೊರೆ ಅನಂತದೇವ. ಸಾಮಾನ್ಯವಾಗಿ ತಾಮ್ರಪಟ ಎಂದರೆ ಬ್ರಾಹ್ಮಣರಿಗೋ ದೇವಸ್ಥಾನಕ್ಕೋ ಭೂಮಿ ಕೊಟ್ಟ ದಾಖಲೆ. ಇದು ಹಾಗಲ್ಲ. ಮಂತ್ರಿಯಾಗಿದ್ದ ಭಾಭಣಶ್ರೇಷ್ಠಿ ಮತ್ತು ಅವನ ತಮ್ಮ ಧನಾಮಶ್ರೇಷ್ಠಿ, ಇವರ ವಾಹನಗಳು ಶ್ರೀಸ್ಥಾನಕ, ನಾಗಪುರ, ಶೂರ್ಪಾರಕ, ಚೆಮುಲಿ ಮುಂತಾದ ಬಂದರುಗಳಿಗೆ ಬಂದುಹೋಗುವಾಗ ಸುಂಕ ಕೊಡಬೇಕಾಗಿಲ್ಲ ಎಂಬ ಆದೇಶ. ಶೂರ್ಪಾರಕ ಎಂದರೆ ಇಂದಿನ ನಾಲಾಸೋಪಾರಾ, ಚೆಮುಲಿ ಎಂದರೆ ಅಲಿಬಾಗ್ ಕಡೆಯ ಚೌಲ್. ಅಣ್ಣತಮ್ಮಂದಿರ ಹೆಸರಿನ ಕೊನೆಯ 'ಶ್ರೇಷ್ಠಿ' ನೋಡಿ. ಸೆಟ್ಟರೇ ಮಂತ್ರಿಗಳು, ಮಂತ್ರಿಗಳಿಗೇ ಸುಂಕ ಮಾಫಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ಐರ್ಲೆಂಡ್. ಆಪಲ್ ಕಂಪನಿಗೆ ಆ ದೇಶ ಕೊಟ್ಟ ತೆರಿಗೆಯ ಅನುಕೂಲ ಕಾನೂನುಬಾಹಿರ ಸಹಾಯ ಎಂದು ಯುರೋಪಿನ ಆಯೋಗ 2016ರಲ್ಲಿ ಹೇಳಿತು. 13 ಬಿಲಿಯನ್ ಯೂರೋ ವಾಪಸು ಪಡೆಯಬೇಕು ಎಂದಿತು. ಪಡೆಯಬೇಕಾದವನು ಐರ್ಲೆಂಡ್, ಬೇಡ ಎಂದು ಕೋರ್ಟಿಗೆ ಹೋದವನೂ ಐರ್ಲೆಂಡ್! 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಆಯೋಗದ ಮಾತನ್ನೇ ಎತ್ತಿಹಿಡಿಯಿತು. ಒಂದು ಮಾರುಕಟ್ಟೆಯೊಳಗಿನ ಒಂದು ರಾಜ್ಯ ತನ್ನ ಬೊಕ್ಕಸದಿಂದ ತನಗೆ ಬೇಕಾದವನಿಗೆ ರಿಯಾಯಿತಿ ಕೊಟ್ಟರೆ ಉಳಿದವರ ಜೊತೆ ಅವನ ಪೈಪೋಟಿ ಪೈಪೋಟಿಯಾಗಿ ಉಳಿಯುವುದಿಲ್ಲ. ಇದು ಅಲ್ಲಿ 1957ರ ರೋಮ್ ಒಪ್ಪಂದದಲ್ಲೇ ಬರೆದ ಮಾತು. ಶ್ರೀಸ್ಥಾನಕದಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ. ಸುಂಕ ಕೊಟ್ಟು ಅದೇ ಬಂದರಿಗೆ ಬರುತ್ತಿದ್ದ ಉಳಿದ ವ್ಯಾಪಾರಿಗಳು ಏನಂದುಕೊಂಡರೋ, ಅವರ ದೂರನ್ನು ಯಾರೂ ತಾಮ್ರದ ಮೇಲೆ ಕೊರೆಸಲಿಲ್ಲ.

ನಡುವಿನ ಶತಮಾನಗಳನ್ನು ಬೇಗ ದಾಟುತ್ತೇನೆ. ಪೋರ್ಚುಗೀಸರು ಸಮುದ್ರದಲ್ಲಿ 'ಕಾರ್ತಾಜ್' ಎಂಬ ರಹದಾರಿ ಚೀಟಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು. ನಮ್ಮ ಕರಾವಳಿಯ ಅಕ್ಕಿಯ ಹಡಗುಗಳಿಗೂ ಆ ಬಿಸಿ ತಟ್ಟಿತ್ತು. ಇಂಗ್ಲಿಷರು 1830ರ ದಶಕದಲ್ಲಿ ಒಳನಾಡಿನ ಸಾಗಣೆ ಸುಂಕಗಳನ್ನು ತೆಗೆದುಹಾಕಿದರು, 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ರೈಲು ಓಡಿಸಿದರು, ಮರುವರ್ಷ ಅದು ಕಲ್ಯಾಣ ಮುಟ್ಟಿತು. ಸರಕಿಗೆ ದಾರಿ ತೆರೆಯಿತು, ನಿಜ. ಆದರೆ 1896ರಲ್ಲಿ ಇಲ್ಲಿನ ಗಿರಣಿ ಬಟ್ಟೆಯ ಮೇಲೆ ಶೇಕಡಾ ಮೂರೂವರೆ ಅಬಕಾರಿ ಸುಂಕ ಹಾಕಿದರು. ಮ್ಯಾಂಚೆಸ್ಟರ್ ಬಟ್ಟೆಗೆ ಆಮದು ಸುಂಕ ಇದೆಯಲ್ಲ, ಹಾಗಾದರೆ ಮುಂಬಯಿ ಬಟ್ಟೆಗೂ ಅಷ್ಟೇ ಭಾರ ಇರಲಿ ಎಂಬ ನ್ಯಾಯ. ಸಮಾನ ಸ್ಪರ್ಧೆಯ ಹೆಸರಿನಲ್ಲಿ ಬಲಾಢ್ಯನನ್ನು ಕಾಪಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದು ಹೋಗಲು 1920ರ ದಶಕ ಬರಬೇಕಾಯಿತು.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 301ನೆಯ ವಿಧಿ ಭಾರತದ ಉದ್ದಗಲಕ್ಕೂ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರ ಮುಕ್ತವಾಗಿರಬೇಕು ಎನ್ನುತ್ತದೆ. ರೋಮ್ ಒಪ್ಪಂದಕ್ಕಿಂತ ಏಳು ವರ್ಷ ಮುಂಚೆಯೇ ನಾವು ಏಕಮಾರುಕಟ್ಟೆಯನ್ನು ಕಾಗದದ ಮೇಲೆ ಮಾಡಿಕೊಂಡವರು. ಆದರೆ ಅದೇ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 52ನೆಯ ನಮೂದು ಒಂದು ಊರಿನೊಳಗೆ ಬರುವ ಸರಕಿನ ಮೇಲೆ ತೆರಿಗೆ ಹಾಕುವ ಅಧಿಕಾರವನ್ನೂ ಕೊಟ್ಟಿತು. ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಅಗುಳಿ ಹಿಡಿದ ಹಾಗೆ. ಈ ಎರಡರ ಜಗಳ ಅಸ್ಸಾಮಿನ ಚಹಾದ ಮೇಲಿನ ತೆರಿಗೆಯ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಆಮೇಲೆ 1962ರಲ್ಲಿ ರಾಜಸ್ಥಾನದ ಲಾರಿಗಳ ಪ್ರಕರಣ. ಕೊನೆಗೆ 2016ರ ನವೆಂಬರಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಕುಳಿತು, ತಾರತಮ್ಯ ಮಾಡದ ತೆರಿಗೆಯನ್ನು ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂದು ಹೇಳಲಾಗದು ಎಂದಿತು. ಐವತ್ತಾರು ವರ್ಷ ವಾದ ನಡೆಯಿತು. ಅಷ್ಟು ಹೊತ್ತಿಗೆ ಜಿಎಸ್‌ಟಿ ಬಾಗಿಲಲ್ಲಿ ನಿಂತಿತ್ತು.

ಕರ್ನಾಟಕ ತನ್ನ ಪಟ್ಟಣಗಳ ಆಕ್ಟ್ರಾಯ್ ಅನ್ನು 1979ರಲ್ಲೇ ತೆಗೆದು ಬೇರೊಂದು ಪ್ರವೇಶ ತೆರಿಗೆ ತಂದಿತ್ತು. ಹಾಗಾಗಿ ನನ್ನ ತಲೆಮಾರಿನ ಕನ್ನಡಿಗರಿಗೆ ಜಕಾತಿ ನಾಕಾ ಎಂದರೆ ಏನು ಎಂದು ಗೊತ್ತಾದದ್ದು ಮಹಾರಾಷ್ಟ್ರಕ್ಕೆ ಬಂದ ಮೇಲೆ. ಊರಿನ ಹೊಸ್ತಿಲಲ್ಲಿ ಒಂದು ಶೆಡ್ಡು, ಒಂದು ತೂಕದ ಕಟ್ಟೆ, ಸಾಲುಗಟ್ಟಿದ ಲಾರಿ. ಡ್ರೈವರ್ ಬಿಲ್ಲು ತೋರಿಸಬೇಕು, ಗುಮಾಸ್ತ ಸರಕಿನ ಬೆಲೆ ನಿಗದಿ ಮಾಡಬೇಕು, ವಸ್ತುವಿಗೊಂದು ದರ. ಕಾಗದ ಓದಲು ಬಾರದ ಡ್ರೈವರುಗಳ ಪರವಾಗಿ ಈ ಕೆಲಸ ಮಾಡಿಕೊಡುವ ಏಜೆಂಟರು. ಊರನ್ನು ಬರೇ ಹಾದುಹೋಗುವ ಲಾರಿಯಾದರೆ ಅದಕ್ಕೆ ಬೇರೆ ಚೀಟಿ, ಆ ಚೀಟಿಯನ್ನು ಹೊರಹೋಗುವ ನಾಕಾದಲ್ಲಿ ತೋರಿಸಬೇಕು. ಮುಂಬಯಿಗೆ ದಹಿಸರ್, ಮುಲುಂಡ್, ಐರೋಲಿ, ಮಾನ್‌ಖುರ್ದ್ ದಿಕ್ಕುಗಳಲ್ಲಿ ನಾಕಾಗಳು. ಈಚೆ ಥಾಣೆಯವರದು ಬೇರೆ, ಕಲ್ಯಾಣ್-ಡೊಂಬಿವಲಿಯವರದು ಬೇರೆ. ಖಾಡಿಯ ಆಚೆ ನವಿ ಮುಂಬಯಿ ಮಹಾನಗರಪಾಲಿಕೆ ಮಾತ್ರ ನಾಕಾ ಹಾಕದೆ, ಲೆಕ್ಕದ ಪುಸ್ತಕ ನೋಡಿ ಸೆಸ್ ವಸೂಲು ಮಾಡುವ ದಾರಿ ಹಿಡಿದಿತ್ತು. ಐರೋಲಿ ಸೇತುವೆಯ ಈ ತುದಿಗೊಂದು ಕಾನೂನು, ಆ ತುದಿಗೊಂದು.

ಈ ನಾಕಾಗಳ ಅತಿ ದೊಡ್ಡ ಸ್ಮಾರಕ ಭಿವಂಡಿ. ಥಾಣೆಯಿಂದ ಕಶೇಳಿ ಸೇತುವೆ ದಾಟಿ ಹೋದರೆ ಕಾಲ್ಹೇರ್, ಪೂರ್ಣಾ, ರಾಹನಾಳ್, ಮಾನಕೋಲಿ ಎಂದು ಊರ ಮೇಲೆ ಊರು, ಎಲ್ಲ ಕಡೆ ಗೋದಾಮು. ಹೊಲದ ನಡುವೆ ಇಷ್ಟೊಂದು ಗೋದಾಮು ಯಾಕೆ ಎಂದು ಹೊಸದಾಗಿ ಬಂದವರಿಗೆ ಅಚ್ಚರಿಯಾಗುತ್ತದೆ. ಅವೆಲ್ಲ ಗ್ರಾಮ ಪಂಚಾಯಿತಿಯ ಜಾಗ, ಪಾಲಿಕೆಗಳ ಜಕಾತಿ ಗಡಿಯ ಹೊರಗೆ. ಕಂಪನಿಗಳು ದೇಶದ ಎಲ್ಲೆಡೆಯಿಂದ ಸರಕು ತಂದು ಇಲ್ಲಿ ಇಳಿಸುತ್ತಿದ್ದವು. ಮುಂಬಯಿಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ನಾಕಾ ದಾಟಿಸಿ, ಅಷ್ಟಕ್ಕೇ ಜಕಾತಿ ಕಟ್ಟುತ್ತಿದ್ದವು. ಬಂದರಿಗೆ ಹತ್ತಿರ, ನಾಸಿಕ್ ಹೆದ್ದಾರಿಗೆ ಹತ್ತಿರ ಎಂಬ ಕಾರಣಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಗೋದಾಮು ಸರಿಯಾಗಿ ಗಡಿಗೆರೆಯ ಆಚೆಗೇ ಬಂದು ನಿಂತದ್ದು ಜಕಾತಿಯಿಂದ. ದುಡ್ಡು ಉಳಿಸಲು ಕಂಪನಿಗಳು ಒಳ್ಳೆಯ ಯಂತ್ರ ತರಲಿಲ್ಲ, ಸಾಗಣೆಯ ವೇಗ ಹೆಚ್ಚಿಸಲಿಲ್ಲ. ಗೆರೆ ಎಲ್ಲಿದೆ ಎಂದು ಹುಡುಕಿದವು. ಒಳಸುಂಕ ಒಂದು ದೇಶದ ಸ್ಪರ್ಧಾಬಲವನ್ನು ತಿನ್ನುವುದು ಹೀಗೆ. ಜಾಣತನವೆಲ್ಲ ಬೇಲಿ ಹಾರುವುದಕ್ಕೇ ಖರ್ಚಾಗುತ್ತದೆ.

ಯುರೋಪ್ ಕೂಡ ಬರೇ ಸುಂಕ ತೆಗೆದರೆ ಸಾಕು ಎಂದು ಮೊದಲು ನಂಬಿತ್ತು. 1968ರ ಜುಲೈ 1ಕ್ಕೆ ಆರು ದೇಶಗಳ ನಡುವಿನ ಸುಂಕ ಪೂರ್ತಿ ಹೋಯಿತು. ಆದರೆ ಅದಕ್ಕೂ ಮೊದಲೇ ಒಂದು ಪ್ರಕರಣ ಅಲ್ಲಿನವರ ಕಣ್ಣು ತೆರೆಸಿತ್ತು. ಜರ್ಮನಿಯ ಗ್ರುಂಡಿಗ್ ಕಂಪನಿ ತನ್ನ ರೇಡಿಯೋ, ಟೇಪ್ ರೆಕಾರ್ಡರುಗಳನ್ನು ಫ್ರಾನ್ಸಿನಲ್ಲಿ ಮಾರಲು ಕಾಂಸ್ಟೆನ್ ಎಂಬ ಒಂದೇ ವ್ಯಾಪಾರಿಗೆ ಹಕ್ಕು ಕೊಟ್ಟಿತ್ತು. ಇನ್ನೊಬ್ಬ ವ್ಯಾಪಾರಿ ಜರ್ಮನಿಯಲ್ಲೇ ಅದೇ ಮಾಲು ಕೊಂಡು ತಂದು ಫ್ರಾನ್ಸಿನಲ್ಲಿ ಕಡಿಮೆ ಬೆಲೆಗೆ ಮಾರಿದಾಗ ಕಾಂಸ್ಟೆನ್ ಅವನ ಮೇಲೆ ಕೇಸು ಹಾಕಿತು. 1966ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ಮುಖ್ಯವಾದದ್ದು: ಸರಕಾರಗಳು ಕಿತ್ತುಹಾಕಿದ ಬೇಲಿಯನ್ನು ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಮತ್ತೆ ಕಟ್ಟುವ ಹಾಗಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಕೀಲಿ ಇಲ್ಲಿದೆ. ಗೇಟು ತೆಗೆಯುವುದು ಒಂದು ಕೆಲಸ. ಗೇಟು ತೆಗೆದ ಮೇಲೆ ಒಳಗೆ ಯಾರು ಗುಂಪು ಕಟ್ಟಿಕೊಂಡು ನಿಂತಿದ್ದಾರೆ ಎಂದು ನೋಡುವುದು ಬೇರೆಯೇ ಕೆಲಸ. ನಾವು ಮೊದಲನೆಯದನ್ನು ತಡವಾಗಿಯಾದರೂ ಮಾಡಿದೆವು.

ಅದೂ ಸುಲಭದಲ್ಲಿ ಆಗಲಿಲ್ಲ. 2013ರ ಏಪ್ರಿಲ್ 1ರಿಂದ ಥಾಣೆ, ನವಿ ಮುಂಬಯಿ, ಪುಣೆ, ನಾಗಪುರಗಳಲ್ಲಿ ಎಲ್‌ಬಿಟಿ ಎಂಬ ಸ್ಥಳೀಯ ಸಂಸ್ಥೆ ತೆರಿಗೆ ಬಂತು. ನಾಕಾ ಬೇಡ, ವ್ಯಾಪಾರಿಯೇ ಲೆಕ್ಕ ಬರೆದು ತೆರಿಗೆ ಕಟ್ಟಲಿ ಎಂಬ ಏರ್ಪಾಡು. ವ್ಯಾಪಾರಿಗಳು ಸಿಡಿದೆದ್ದರು, ಅಂಗಡಿಗಳು ವಾರಗಟ್ಟಲೆ ಮುಚ್ಚಿದವು. ನಾಕಾವನ್ನು ಬೈಯುತ್ತಿದ್ದವರೇ ನಾಕಾ ಹೋದಾಗ ಬೀದಿಗಿಳಿದದ್ದು ವಿಚಿತ್ರವಾಗಿ ಕಾಣಬಹುದು. ನಮ್ಮ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಯ ಸೇಠ್‌ಜಿ ಆಗ ಹೇಳಿದ ಕಾರಣ ಸರಳವಾಗಿತ್ತು: ನಾಕಾದವನು ಊರ ಬಾಗಿಲಲ್ಲಿ ನಿಂತಿದ್ದ, ಇವನು ನನ್ನ ಅಂಗಡಿಯೊಳಗೇ ಬರುತ್ತಾನೆ. 2015ರ ಆಗಸ್ಟ್ 1ಕ್ಕೆ 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಎಲ್‌ಬಿಟಿ ಹೋಯಿತು. ಮುಂಬಯಿಯ ಆಕ್ಟ್ರಾಯ್ ಮಾತ್ರ 2017ರ ಜೂನ್ 30ರ ನಡುರಾತ್ರಿಯವರೆಗೂ ಉಸಿರಾಡಿತು. 101ನೆಯ ತಿದ್ದುಪಡಿ 52ನೆಯ ನಮೂದನ್ನೇ ಸಂವಿಧಾನದಿಂದ ಅಳಿಸಿತ್ತು.

ನಾಕಾ ಹೋದದ್ದಕ್ಕೆ ಒಂದು ಬೆಲೆಯೂ ಇತ್ತು, ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ನನಗೆ ಅನಿಸುತ್ತದೆ. ಮುಂಬಯಿ ಪಾಲಿಕೆಗೆ ಆಕ್ಟ್ರಾಯ್‌ನಿಂದ ವರ್ಷಕ್ಕೆ ಸುಮಾರು ಏಳು ಸಾವಿರ ಕೋಟಿ ಬರುತ್ತಿತ್ತು. ಅದರ ಬದಲಿಗೆ ಈಗ ರಾಜ್ಯ ಸರಕಾರದ ಪರಿಹಾರದ ಹಣ. ಮೊದಲ ತಿಂಗಳ ಚೆಕ್ಕು ಸುಮಾರು 647 ಕೋಟಿ. ವರ್ಷಕ್ಕೆ ಶೇಕಡಾ 8ರಂತೆ ಅದು ಏರಬೇಕು ಎಂದು ಕಾನೂನು. ಮುಂಬಯಿ ಶ್ರೀಮಂತ ಪಾಲಿಕೆ, ಅದು ಹೇಗೋ ನಡೆಯುತ್ತದೆ. ಡೊಂಬಿವಲಿಯಂಥ ಕಡೆ, ರಸ್ತೆಯ ಗುಂಡಿಗೂ ಕಸದ ಗಾಡಿಗೂ ಮಂತ್ರಾಲಯದ ಕಡೆ ನೋಡಬೇಕಾದ ಪಾಲಿಕೆಗೆ ತನ್ನದೇ ಎಂಬ ದೊಡ್ಡ ಆದಾಯ ಮನೆತೆರಿಗೆ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ಊರಿಗೆ ಬಂದ ಸರಕಿನ ಮೇಲೆ ಊರಿಗೆ ಹಕ್ಕಿತ್ತು. ಅದು ಕೆಟ್ಟ ರೀತಿಯ ಹಕ್ಕೇ ಇರಬಹುದು, ಆದರೆ ಊರಿನದಾಗಿತ್ತು. ಯುರೋಪಿನ ಒಕ್ಕೂಟ ಏಕಮಾರುಕಟ್ಟೆ ಮಾಡಿಯೂ ತೆರಿಗೆಯ ದರವನ್ನು ಬಹುಮಟ್ಟಿಗೆ ಸದಸ್ಯ ದೇಶಗಳಿಗೇ ಬಿಟ್ಟಿದೆ. ಅಲ್ಲಿ ಪಾಲಿಕೆಯಲ್ಲ ದೇಶವೇ ಇದೆ, ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಒಂದೇ ಮಾರುಕಟ್ಟೆಗೆ ಒಂದೇ ತಿಜೋರಿ ಬೇಕೇಬೇಕು ಎಂಬುದು ಸಿದ್ಧಾಂತವೇನಲ್ಲ.

ಇನ್ನು ಎರಡನೆಯ ಕೆಲಸ. ಅದನ್ನು ನೋಡಬೇಕಾದರೆ ವಾಶಿಗೆ ಹೋಗಬೇಕು.

ಮುಂಬಯಿಯ ಸಗಟು ಮಾರುಕಟ್ಟೆಗಳು ಹಿಂದೆ ಮಸ್ಜಿದ್ ಬಂದರ್, ಕ್ರಾಫರ್ಡ್ ಮಾರ್ಕೆಟ್, ಭಾಯಖಳಾ ಕಡೆ ಇದ್ದವು. 1970ರಲ್ಲಿ ಹುಟ್ಟಿದ ಸಿಡ್ಕೊ ನವಿ ಮುಂಬಯಿಯನ್ನು ಕಟ್ಟುತ್ತಿದ್ದಾಗ ಅವನ್ನು ಖಾಡಿಯ ಈಚೆಗೆ ತರುವುದು ಯೋಜನೆಯ ಒಂದು ಭಾಗವಾಯಿತು. ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ 1977ರಲ್ಲಿ ಆರಂಭವಾಯಿತು. 1981ರಲ್ಲಿ ಈರುಳ್ಳಿ-ಆಲೂಗಡ್ಡೆ ಮಾರುಕಟ್ಟೆ ಬಂತು, ಆಮೇಲೆ ಮಸಾಲೆ, ದವಸಧಾನ್ಯ, 1996ರಲ್ಲಿ ತರಕಾರಿ ಮತ್ತು ಹಣ್ಣು. ಇದರ ಹಿಂದಿನ ಕಾನೂನು 1963ರದು. ಅದರ ಉದ್ದೇಶ ಒಳ್ಳೆಯದೇ. ರೈತನ ಹೊಲದ ಬದಿಯಲ್ಲೇ ಸಾಹುಕಾರ ಮನಸ್ಸಿಗೆ ಬಂದ ಬೆಲೆಗೆ ಕೊಂಡುಹೋಗದಿರಲಿ, ಎಲ್ಲರ ಎದುರು ಹರಾಜಾಗಲಿ, ತೂಕ ಸರಿಯಿರಲಿ ಎಂಬುದು. ಆದರೆ ಮಾರಾಟ ಗೊತ್ತಾದ ಪ್ರಾಂಗಣದಲ್ಲೇ ಆಗಬೇಕು, ಪರವಾನಗಿ ಇದ್ದವನೇ ಕೊಳ್ಳಬೇಕು ಎಂದಾಗ ಪರವಾನಗಿ ಇದ್ದವರ ಸಂಖ್ಯೆ ಮುಖ್ಯವಾಗುತ್ತದೆ. ವಾಶಿಯಲ್ಲಿ ವ್ಯಾಪಾರ ಮಾಡಲು 'ಗಾಳಾ' ಬೇಕು, ಅಂದರೆ ಅಂಗಡಿ ಮಳಿಗೆ. ಗಾಳಾಗಳು ಎಣಿಕೆಯವು. ಅಪ್ಪನಿಂದ ಮಗನಿಗೆ ಬರುತ್ತವೆ. ಹೊಸಬ ಎಲ್ಲಿಂದ ಬರಬೇಕು?

ಗದಗಿನ ಕಡೆಯ ನನ್ನ ಸೋದರಮಾವ ತೊಂಬತ್ತರ ದಶಕದಲ್ಲಿ ಲಾರಿಯಲ್ಲಿ ಈರುಳ್ಳಿ ತರುತ್ತಿದ್ದರು. ಬರುವಾಗ ಈರುಳ್ಳಿ, ಹೋಗುವಾಗ ಭಿವಂಡಿಯ ಬಟ್ಟೆ. ಒಮ್ಮೆ ನಾನು, "ಮಾಮಾ, ಬಾಜೂ ಅಂಗಡಿಯವರು ಹೆಚ್ಚಿಗಿ ರೇಟು ಕೊಟ್ರ ಅಲ್ಲೇ ಯಾಕ ಮಾರಬಾರದು?" ಎಂದು ಕೇಳಿದ್ದೆ. ಅವರು, "ಬಿತ್ತಿಗಿಗೆ ಮುಂಗಡ ಇಸ್ಕೊಂಡೇವಿ ತಮ್ಮಾ, ಬ್ಯಾರೆ ಅಂಗಡಿ ಮೆಟ್ಟಲಾ ಹೆಂಗ ಹತ್ತಾಕ ಬರ್ತೈತಿ?" ಎಂದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಬಿತ್ತನೆಗೆ ಬ್ಯಾಂಕು ಕೊಡದ ದುಡ್ಡನ್ನು ದಲಾಲಿ ಕೊಟ್ಟಿದ್ದ. ಆ ಋಣ ಬೆಳೆಯ ಜೊತೆ ಲಾರಿ ಹತ್ತಿ ಬರುತ್ತಿತ್ತು. ಗೇಟಿನಲ್ಲಿ ಅವರನ್ನು ಯಾರೂ ತಡೆದಿರಲಿಲ್ಲ. ನೂರು ಅಂಗಡಿ ಎದುರಿಗಿದ್ದೂ ಅವರ ಪಾಲಿಗೆ ಮಾರುಕಟ್ಟೆಯಲ್ಲಿ ಇದ್ದದ್ದು ಒಂದೇ ಅಂಗಡಿ.

ನಮ್ಮ ದೇಶದ ಮೊದಲ ಏಕಸ್ವಾಮ್ಯ ವಿರೋಧಿ ಕಾನೂನು 1969ರದು. ಅದರ ಕಣ್ಣು ಇದ್ದದ್ದು ದೊಡ್ಡ ಮನೆತನಗಳ ಗಾತ್ರದ ಮೇಲೆ. 2002ರ ಸ್ಪರ್ಧಾ ಕಾಯ್ದೆ ಗಾತ್ರವನ್ನು ಬಿಟ್ಟು ನಡತೆಯನ್ನು ನೋಡಿತು. ಅದರ ಮುಖ್ಯ ಕಲಮುಗಳು ಜಾರಿಯಾದದ್ದು 2009ರ ಮೇ 20ರಂದು. 2012ರಲ್ಲಿ ಆಯೋಗ ಸಿಮೆಂಟ್ ಕಂಪನಿಗಳ ಮೇಲೆ ಆರು ಸಾವಿರ ಕೋಟಿಗೂ ಮಿಕ್ಕಿದ ದಂಡ ಹಾಕಿ ಸುದ್ದಿಯಾಯಿತು. ಅದೇ ವರ್ಷ, ಅಷ್ಟು ಸದ್ದಿಲ್ಲದೆ, ಇನ್ನೊಂದು ಕೆಲಸ ಆಯಿತು. ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಸ್ಪರ್ಧಾ ಆಯೋಗಕ್ಕಾಗಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಈರುಳ್ಳಿ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟಿತು. ಹೆಚ್ಚಿನ ವಹಿವಾಟು ಕೆಲವೇ ದೊಡ್ಡ ವ್ಯಾಪಾರಿಗಳ ಕೈಯಲ್ಲಿದೆ, ಬಹುಕಾಲದಿಂದ ಅವರೇ ಇದ್ದಾರೆ, ಹೊಸಬರ ಪ್ರವೇಶ ಕಷ್ಟ, ಒಳಒಪ್ಪಂದದ ಲಕ್ಷಣಗಳಿವೆ ಎಂಬುದು ಅದರ ತಿರುಳು. ನಮ್ಮ ಮಾವನ ಬಳಿ ಕೇಳಿದ್ದರೆ ಚಹಾ ಕುಡಿಯುವಷ್ಟರಲ್ಲಿ ಹೇಳುತ್ತಿದ್ದರು. ಆದರೆ ಸರಕಾರಕ್ಕೆ ವರದಿ ಬೇಕು, ವರದಿಯಿದ್ದರೆ ಒಳ್ಳೆಯದೇ. ಸಿಮೆಂಟಿನ ಮೇಲೆ ಚಾಚಿದಷ್ಟು ಸುಲಭವಾಗಿ ಆಯೋಗದ ಕೈ ಈರುಳ್ಳಿಯ ಕಡೆ ಚಾಚುವುದಿಲ್ಲ. ಕೃಷಿ ಮಾರುಕಟ್ಟೆ ರಾಜ್ಯಗಳ ವಿಷಯ. ಪರವಾನಗಿ ಕೊಡುವುದು ಸಮಿತಿ, ಆ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಕೂರುತ್ತಾರೆ.

2016ರ ಜುಲೈನಲ್ಲಿ ಮಹಾರಾಷ್ಟ್ರ ಸರಕಾರ ಹಣ್ಣು-ತರಕಾರಿಯನ್ನು ಪ್ರಾಂಗಣದ ಹೊರಗೂ ಮಾರಬಹುದು, ಕಮಿಷನ್ನು ರೈತನಿಂದಲ್ಲ, ಕೊಳ್ಳುವವನಿಂದ ಪಡೆಯಬೇಕು ಎಂದಿತು. ವಾಶಿಯಲ್ಲಿ ಮುಷ್ಕರವಾಯಿತು. ಮುಷ್ಕರದಲ್ಲಿ ವ್ಯಾಪಾರಿಗಳ ಜೊತೆ ಮಾಥಾಡಿಗಳೂ, ಅಂದರೆ ತಲೆಹೊರೆ ಹಮಾಲರೂ ಇದ್ದರು. ಇಲ್ಲಿ ನಾನು ಸ್ವಲ್ಪ ತಡವರಿಸುತ್ತೇನೆ. ಅಣ್ಣಾಸಾಹೇಬ್ ಪಾಟೀಲರ ಹೋರಾಟದಿಂದ ಬಂದ 1969ರ ಮಾಥಾಡಿ ಕಾನೂನು ದಿನಗೂಲಿಯವನಿಗೆ ನೋಂದಣಿ, ಭವಿಷ್ಯನಿಧಿ, ಒಂದು ಮರ್ಯಾದೆ ಕೊಟ್ಟಿತು. ಅದೂ ಒಂದು ಮುಚ್ಚಿದ ವರ್ತುಲವೇ, ನೋಂದಾಯಿಸಿದವನೇ ಮೂಟೆ ಎತ್ತಬೇಕು. ಅರ್ಥಶಾಸ್ತ್ರದ ಪುಸ್ತಕ ಗಾಳಾದ ವರ್ತುಲವನ್ನೂ ಹಮಾಲರ ವರ್ತುಲವನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ನೂರು ಕಿಲೋ ಮೂಟೆ ಹೊತ್ತ ಬೆನ್ನನ್ನು ನೋಡಿದ ಮೇಲೆ ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬೇಸಿಗೆಯಲ್ಲಿ ವಾಶಿಯ ಹಣ್ಣಿನ ಮಾರುಕಟ್ಟೆಗೆ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಆಪೂಸಿನ ಪೆಟ್ಟಿಗೆಗಳ ಎದುರು ಇಬ್ಬರು ನಿಂತು, ಕೈಗಳ ಮೇಲೆ ಕರವಸ್ತ್ರ ಮುಚ್ಚಿ, ಬೆರಳು ಹಿಡಿದು ದರ ಮಾತಾಡಿಕೊಳ್ಳುವ ಹಳೆಯ ಪದ್ಧತಿ. ಬಾಜುವಿನವನಿಗೆ ದರ ಗೊತ್ತಾಗುವುದಿಲ್ಲ. ಅದೇ ಮಾರುಕಟ್ಟೆಗೆ ನಮ್ಮ ಧಾರವಾಡದ ಕಡೆಯ ಆಪೂಸೂ ಬರುತ್ತದೆ, ಅಗ್ಗಕ್ಕೆ ಸಿಗುತ್ತದೆ, ಎಷ್ಟೋ ಸಲ ಪೆಟ್ಟಿಗೆ ಬದಲಾಗಿ 'ದೇವಗಡ' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬುದು ಪ್ರತಿ ವರ್ಷದ ಪತ್ರಿಕಾ ಸುದ್ದಿ. 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಥಾಣೆ, ಪಾಲ್ಘರ್ ಜಿಲ್ಲೆಗಳ ಹಾಪೂಸಿಗೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮವರಲ್ಲಿ ಕೆಲವರು ಇದನ್ನು ಕನ್ನಡದ ಮಾವಿಗೆ ಹಾಕಿದ ಬೇಲಿ ಎಂದರು. ನನಗೆ ಹಾಗನ್ನಿಸುವುದಿಲ್ಲ. 1979ರಲ್ಲಿ ಫ್ರಾನ್ಸಿನ ಕಾಸಿಸ್ ಎಂಬ ಹಣ್ಣಿನ ಮದ್ಯವನ್ನು, ಅದರಲ್ಲಿ ಆಲ್ಕೋಹಾಲ್ ಕಡಿಮೆ ಎಂದು ಜರ್ಮನಿ ತಡೆದಾಗ, ಯುರೋಪಿನ ನ್ಯಾಯಾಲಯ ತಡೆಯಬೇಡಿ ಎಂದಿತು. ಎಷ್ಟಿದೆ ಎಂದು ಸೀಸೆಯ ಮೇಲೆ ಬರೆದರೆ ಸಾಕು, ಕೊಳ್ಳುವವನು ನೋಡಿ ಕೊಳ್ಳುತ್ತಾನೆ ಎಂದಿತು. ಧಾರವಾಡದ ಹಣ್ಣು ವಾಶಿಗೆ ಬರುವುದನ್ನು ಯಾರೂ ತಡೆದಿಲ್ಲ. ಅದು ತನ್ನ ಹೆಸರಿನಲ್ಲಿ ಬಂದಿಲ್ಲ, ಅಷ್ಟೇ. ಹೆಸರು ಬದಲಾಯಿಸಿದಾಗ ಸಿಗುವ ಹೆಚ್ಚಿನ ಬೆಲೆ ಧಾರವಾಡದ ರೈತನ ಕೈಗೆ ಹೋಗುವುದಿಲ್ಲ; ದೇವಗಡದ ರೈತನಿಗೂ ಅದರಿಂದ ನಷ್ಟವೇ. ಲಾಭ ನಡುವೆ ನಿಂತವನದು. ಕರ್ನಾಟಕ 2014ರಲ್ಲಿ ಆನ್‌ಲೈನ್ ಹರಾಜಿನ ವ್ಯವಸ್ಥೆ ತಂದು ದೇಶಕ್ಕೇ ದಾರಿ ತೋರಿಸಿತು, 2016ರಲ್ಲಿ ಕೇಂದ್ರ ಇ-ನಾಮ್ ತಂದಿತು. ಪರದೆಯ ಮೇಲೆ ದರ ಎಲ್ಲರಿಗೂ ಕಾಣುತ್ತದೆ. ಕರವಸ್ತ್ರದ ಕೆಳಗೆ ಕಾಣುವುದಿಲ್ಲ.

ಸಂವಿಧಾನದ 301ನೆಯ ವಿಧಿಯಲ್ಲಿ ವ್ಯಾಪಾರ, ವಾಣಿಜ್ಯದ ಜೊತೆ ಸಂಚಾರ ಎಂಬ ಮಾತೂ ಇದೆ ಎಂದೆ. ಯುರೋಪಿನವರು ತಮ್ಮ ಮಾರುಕಟ್ಟೆಗೆ ನಾಲ್ಕು ಸ್ವಾತಂತ್ರ್ಯ ಎನ್ನುತ್ತಾರೆ: ಸರಕು, ಸೇವೆ, ಬಂಡವಾಳ, ಮನುಷ್ಯ. ನಾಲ್ಕನೆಯದು ನಾವೇ. 1960ರ ದಶಕದಲ್ಲಿ ಮುಂಬಯಿಯ 'ಮಾರ್ಮಿಕ್' ವಾರಪತ್ರಿಕೆ ಕಂಪನಿಗಳಲ್ಲಿರುವ ದಕ್ಷಿಣ ಭಾರತೀಯರ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕತೆಗಳನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. ಕೆಲಸಕ್ಕಾಗಿ ಇಲ್ಲಿನ ಹುಡುಗರಿಗೂ ಪೈಪೋಟಿಯಿತ್ತು, ಗಿರಣಿಗಳು ಮುಂದೆ ಮುಚ್ಚುತ್ತಾ ಹೋದಾಗ ಅದು ಇನ್ನೂ ಹೆಚ್ಚಾಯಿತು. ಅವರ ಸಿಟ್ಟಿಗೆ ಕಾರಣವೇ ಇರಲಿಲ್ಲ ಎನ್ನಲಾರೆ. ಆದರೆ ಅದರ ಪರಿಹಾರಕ್ಕೆ ಹುಡುಕಿದ್ದು ಮನುಷ್ಯರ ಮೇಲಿನ ಜಕಾತಿಯನ್ನು. ಇಂದು ಬೆಂಗಳೂರಿನಲ್ಲಿ ಸ್ಥಳೀಯರಿಗೆ ಮೀಸಲಾತಿಯ ಮಸೂದೆಯ ಮಾತು ಬಂದಾಗ, 2024ರ ಜುಲೈನಲ್ಲಿ ಬಂದಿತ್ತಲ್ಲ, ಡೊಂಬಿವಲಿಯಲ್ಲಿ ಕೂತು ಅದನ್ನು ಬೆಂಬಲಿಸುವ ಗೆಳೆಯರನ್ನು ನೋಡಿದರೆ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ನಾವು ಇಲ್ಲಿ ನಾಕಾ ಇಲ್ಲದ ಕಾರಣಕ್ಕೆ ಬದುಕಿದವರು.

ಮುಲುಂಡ್, ಐರೋಲಿ, ವಾಶಿಯ ಕಡೆಯಿಂದ ಮುಂಬಯಿಗೆ ಹೋಗುವಾಗ ಜಕಾತಿಯ ಶೆಡ್ಡುಗಳಿದ್ದ ಆಸುಪಾಸಿನಲ್ಲೇ ರಸ್ತೆಯ ಟೋಲ್ ಕಟ್ಟೆಗಳಿವೆ. 2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ಐದೂ ಕಟ್ಟೆಗಳಲ್ಲಿ ಕಾರುಗಳಿಗೆ ಟೋಲ್ ಮಾಫಿಯಾಯಿತು. ಚುನಾವಣೆ ಹತ್ತಿರವಿತ್ತು. ಈರುಳ್ಳಿಯ ಲಾರಿಗೆ ಮಾಫಿಯಾಗಲಿಲ್ಲ.